ಮೆತ್ತೆ ಬದಲಿಸಿದ ಮೇಲೆ ಡಗ್ಗಾ ಎಲ್ಲಿ ಹೋಯಿತು? ಹೆಡ್‌ಫೋನ್ ಮಾರ್ಪಾಡು ಮತ್ತು ಮನೆಯಲ್ಲೇ ಅದರ ಅಳತೆ

ವಿಜಯಪುರದ ಬೇಸಿಗೆಯಲ್ಲಿ ಹೆಡ್‌ಫೋನಿನ ಯಾವ ಭಾಗ ಮೊದಲು ಕೈಕೊಡುತ್ತದೆ ಎಂದು ಕೇಳಿದರೆ ಯೋಚಿಸದೆ ಹೇಳಬಹುದು: ಕಿವಿಮೆತ್ತೆ. ಅದರ ಮೇಲಿರುವುದು ನಿಜವಾದ ಚರ್ಮವಲ್ಲ, ಬಟ್ಟೆಯ ಮೇಲೆ ಹರಡಿದ ತೆಳುವಾದ ಪ್ಲಾಸ್ಟಿಕ್ ಪದರ. ನಲವತ್ತು ಡಿಗ್ರಿಯ ಸೆಕೆ, ಬೆವರು, ತಲೆಗೆ ಹಚ್ಚಿದ ಎಣ್ಣೆ ಇವೆಲ್ಲ ಸೇರಿ ಅದನ್ನು ಒಡೆಯುತ್ತವೆ. ಕರಿಯ ಚೂರುಗಳು ಕಿವಿಗೂ ಕೆನ್ನೆಗೂ ಅಂಟಿಕೊಳ್ಳತೊಡಗಿದಾಗ ಹೆಚ್ಚಿನವರು ಬಟ್ಟೆಯ ಇಲ್ಲವೇ ಮಖಮಲ್ಲಿನ ಹೊಸ ಮೆತ್ತೆ ತರಿಸಿ ಹಾಕುತ್ತಾರೆ. ಕಿವಿಗೆ ಗಾಳಿಯಾಡುತ್ತದೆ, ಬೆವರು ಕಡಿಮೆಯಾಗುತ್ತದೆ. ಆದರೆ ಹಿಂದೂಸ್ತಾನಿ ಗಾಯನದ ಧ್ವನಿಮುದ್ರಿಕೆಯೊಂದನ್ನು ಹಚ್ಚಿದರೆ ತಬಲಾದ ಟಣತ್ಕಾರ ಮಾತ್ರ ಉಳಿದು, ಅದರ ಜೊತೆ ಎಡಗೈಯಲ್ಲಿ ನುಡಿಸುವ ದಪ್ಪದನಿಯ ಡಗ್ಗಾದ ಗುಮುಕು ಮಾಯವಾಗಿರುತ್ತದೆ. ಗಾಯಕನ ಖರ್ಜದ, ಅಂದರೆ ಕೆಳಸಪ್ತಕದ, ಸ್ವರಗಳು ತೆಳ್ಳಗಾಗಿರುತ್ತವೆ.

ಹೆಡ್‌ಫೋನ್ ಹಾಳಾಗಿದೆ ಎಂದು ಇಲ್ಲಿ ಹಲವರು ತೀರ್ಮಾನಿಸಿಬಿಡುತ್ತಾರೆ. ಹಾಳಾಗಿಲ್ಲ. ಅವರು ತಿಳಿಯದೆಯೇ ಅದರ ಧ್ವನಿಯನ್ನು ಮಾರ್ಪಡಿಸಿದ್ದಾರೆ, ಅಷ್ಟೇ. ಮೆತ್ತೆ ಎಂಬುದು ಕಿವಿಯ ಸುಖಕ್ಕಾಗಿ ಇಟ್ಟ ದಿಂಬಲ್ಲ. ಅದು ಧ್ವನಿಯನ್ನು ರೂಪಿಸುವ ಯಂತ್ರದ ಒಂದು ಗೋಡೆ.

ಇದು ಏಕೆ ಹೀಗೆ ಎಂದು ತಿಳಿಯಲು ಶಬ್ದದ ಅಳತೆಗಳನ್ನು ನೋಡಬೇಕು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. 50 ಹರ್ಟ್ಜ್ ಆವೃತ್ತಿಯ, ಅಂದರೆ ಸೆಕೆಂಡಿಗೆ 50 ಬಾರಿ ಕಂಪಿಸುವ, ಒಂದು ಅಲೆಯ ಉದ್ದ ಸುಮಾರು ಏಳು ಮೀಟರ್. ಹೆಡ್‌ಫೋನಿನೊಳಗೆ ಕಂಪಿಸಿ ದನಿ ಹುಟ್ಟಿಸುವ ಪೊರೆಗೂ ನಿಮ್ಮ ಕಿವಿಗೂ ನಡುವಿನ ಜಾಗವೋ ಎರಡು ಮೂರು ಸೆಂಟಿಮೀಟರ್. ಏಳು ಮೀಟರಿನ ಅಲೆ ಅಲ್ಲಿ ಅಲೆಯಾಗಿ ಇರಲು ಸಾಧ್ಯವೇ ಇಲ್ಲ. ಪೊರೆ ಮುಂದೆ ಬಂದಾಗ ಆ ಪುಟ್ಟ ಕೋಣೆಯ ಗಾಳಿ ಪೂರ್ತಿಯಾಗಿ ಒತ್ತುತ್ತದೆ, ಹಿಂದೆ ಸರಿದಾಗ ಪೂರ್ತಿಯಾಗಿ ಸಡಿಲವಾಗುತ್ತದೆ. ಮಂದ್ರ ಸ್ವರ ಕಿವಿಗೆ ತಲುಪುವುದು ಹೀಗೆ, ಮುಚ್ಚಿದ ಕೋಣೆಯ ಒತ್ತಡವಾಗಿ. ಕೋಣೆಯಲ್ಲಿ ಸಂದಿಯಿದ್ದರೆ ಒತ್ತಡ ಸೋರಿಹೋಗುತ್ತದೆ. ನಿಧಾನವಾಗಿ ಬದಲಾಗುವ ಒತ್ತಡಕ್ಕೆ ಸಂದಿಯಿಂದ ಹೊರಗೆ ಹೋಗಲು ಬೇಕಾದಷ್ಟು ಸಮಯ ಸಿಗುತ್ತದೆ. ಸೆಕೆಂಡಿಗೆ ಎರಡು ಸಾವಿರ ಬಾರಿ ಬದಲಾಗುವ ಒತ್ತಡಕ್ಕೆ ಆ ಸಮಯ ಸಿಗುವುದಿಲ್ಲ. ಆದ್ದರಿಂದಲೇ ಸೋರಿಕೆ ಮಂದ್ರವನ್ನು ಮಾತ್ರ ತಿನ್ನುತ್ತದೆ, ಮೇಲಿನ ಸ್ವರಗಳನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ. ಗಂಡುದನಿಯ ಷಡ್ಜ ಹಾರ್ಮೋನಿಯಂನ ಕರಿ ಒಂದರಲ್ಲಿದ್ದರೆ ಅದು ಸುಮಾರು 139 ಹರ್ಟ್ಜ್; ಅದರ ಕೆಳಗಿನ ಸಪ್ತಕದ ಷಡ್ಜ 69 ಹರ್ಟ್ಜ್. ಬಟ್ಟೆಯ ಮೆತ್ತೆಯ ರಂಧ್ರಗಳಲ್ಲಿ ಮೊದಲು ಸೋರುವುದು ಈ ವಲಯವೇ. ಕನ್ನಡಕದ ಕಡ್ಡಿ, ಕಿವಿಯ ಬಳಿಯ ದಟ್ಟ ಕೂದಲು ಮಾಡುವುದೂ ಇದನ್ನೇ. ಒಂದೇ ಹೆಡ್‌ಫೋನ್ ಒಬ್ಬರಿಗೆ ತುಂಬು ದನಿಯದ್ದಾಗಿಯೂ ಇನ್ನೊಬ್ಬರಿಗೆ ಬಡಕಲಾಗಿಯೂ ಕೇಳುವುದಕ್ಕೆ ಇದೇ ದೊಡ್ಡ ಕಾರಣ.

ಮೆತ್ತೆಯ ಕಥೆ ತಿಳಿದರೆ ಉಳಿದ ಮಾರ್ಪಾಡುಗಳೂ ಅರ್ಥವಾಗುತ್ತವೆ. ಎಲ್ಲವೂ ಗಾಳಿಯ ಕೋಣೆಗಳ ವಿಚಾರ. ಡ್ರೈವರ್ ಎಂದು ಕರೆಯುವ ಭಾಗದಲ್ಲಿ ಒಂದು ಅಯಸ್ಕಾಂತ, ಅದರ ನಡುವೆ ಆಡುವ ತಂತಿಯ ಸುರುಳಿ, ಸುರುಳಿಗೆ ಅಂಟಿದ ತೆಳುವಾದ ಪ್ಲಾಸ್ಟಿಕ್ ಪೊರೆ ಇರುತ್ತವೆ. ಪೊರೆಯ ಮುಂದೆ ಒಂದು ಕೋಣೆ, ಅದು ನಿಮ್ಮ ಕಿವಿಯ ಕಡೆಯದು. ಹಿಂದೆ ಇನ್ನೊಂದು, ಪ್ಲಾಸ್ಟಿಕ್ ಬಟ್ಟಲಿನ ಒಳಗಿನದು. ಎರಡನ್ನೂ ಕೂಡಿಸುವ ಅಥವಾ ಹೊರಗಾಳಿಗೆ ತೆರೆಯುವ ಸಣ್ಣ ತೂತುಗಳು. ಆ ತೂತುಗಳ ಮೇಲೆ ಅಂಟಿಸಿದ ಕಾಗದ ಅಥವಾ ಬಟ್ಟೆಯ ಬಿಲ್ಲೆಗಳು. ಮನೆಯಲ್ಲಿ ಕುಳಿತು ಬದಲಿಸಬಹುದಾದದ್ದು ಬಹುತೇಕ ಇಷ್ಟೇ. ಪೊರೆಯನ್ನು ಮಾತ್ರ ಮುಟ್ಟಬಾರದು. ಅದಕ್ಕೆ ಬಿದ್ದ ಒಂದು ತಗ್ಗು ಸದಾ ಉಳಿಯಬಹುದು. ಅಯಸ್ಕಾಂತ ಕಬ್ಬಿಣದ ಸ್ಕ್ರೂಡ್ರೈವರನ್ನು ತಟ್ಟನೆ ತನ್ನೆಡೆಗೆ ಎಳೆದುಕೊಳ್ಳುತ್ತದೆ, ತುದಿ ನೇರವಾಗಿ ಪೊರೆಯೊಳಗೆ ಹೋಗುತ್ತದೆ. ಕೂದಲೆಳೆಯಂಥ ತಂತಿಗಳು ಡ್ರೈವರಿನ ಅಂಚಿಗೆ ಬಂದು ಸೇರುವ ಜಾಗದಲ್ಲಿಯೂ ಇದೇ ಎಚ್ಚರ ಬೇಕು.

ಬಟ್ಟಲಿನೊಳಗೆ ಏನಾಗುತ್ತದೆ ಎಂಬುದನ್ನು ವಿವರಿಸಲು ನಮ್ಮ ಊರಿನಷ್ಟು ಒಳ್ಳೆಯ ಜಾಗ ಬೇರೊಂದಿಲ್ಲ. ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಗೋಳಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಶಬ್ದ ಎದುರು ಗೋಡೆಗೆ ಹೋಗಿ ಮರಳಲು 76 ಮೀಟರ್ ಸಾಗಬೇಕು. ಅದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ. ಕಿವಿಗೆ ಮೂಲ ಶಬ್ದವನ್ನೂ ಪ್ರತಿಧ್ವನಿಯನ್ನೂ ಬೇರೆ ಬೇರೆಯಾಗಿ ಗುರುತಿಸಲು ಅಷ್ಟು ಸಾಕು. ಹೆಡ್‌ಫೋನಿನ ಬಟ್ಟಲಿನ ಆಳ ಐದು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಪೊರೆಯ ಹಿಂಬದಿಯಿಂದ ಹೊರಟ ಶಬ್ದ ಪ್ಲಾಸ್ಟಿಕ್ ಗೋಡೆಗೆ ಬಡಿದು ಮರಳಲು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಸುಮಾರು ಮೂರು ಭಾಗ ಮಾತ್ರ ಬೇಕು. ಯಾವ ಕಿವಿಯೂ ಅದನ್ನು ಪ್ರತಿಧ್ವನಿ ಎಂದು ಕೇಳಲಾರದು. ಮರಳಿದ ಶಬ್ದ ಪೊರೆಯ ಚಲನೆಯ ಜೊತೆಗೇ ಬೆರೆತುಹೋಗುತ್ತದೆ. ಕೆಲವು ಆವೃತ್ತಿಗಳಲ್ಲಿ ಎರಡೂ ಕೂಡಿ ಉಬ್ಬುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಗುಮ್ಮಟದಲ್ಲಿ ಕಾಲದ ಅಂತರವಾಗಿ ಕೇಳುವುದು ಬಟ್ಟಲಿನಲ್ಲಿ ದನಿಯ ಬಣ್ಣವಾಗಿ ಕೇಳುತ್ತದೆ. ಐದು ಸೆಂಟಿಮೀಟರ್ ಆಳಕ್ಕೆ ಮೊದಲ ಉಬ್ಬು 3400 ಹರ್ಟ್ಜ್ ಆಸುಪಾಸಿನಲ್ಲಿ ನಿರೀಕ್ಷಿಸಬಹುದು. ಅಗ್ಗದ ಮುಚ್ಚುಬಟ್ಟಲಿನ ಹೆಡ್‌ಫೋನ್‌ಗಳಲ್ಲಿ ಕೇಳುವ ಡಬ್ಬಿಯೊಳಗಿನ ದನಿಗೆ ಇಂಥ ಉಬ್ಬುಗಳೇ ಕಾರಣ.

ಅದನ್ನು ತಗ್ಗಿಸಲು ಬಟ್ಟಲಿನೊಳಗೆ ನಾರಿನ ವಸ್ತು ತುಂಬುತ್ತಾರೆ. ಅಂಗಡಿಯ ಫೆಲ್ಟ್ ಬೇಕೆಂದೇನೂ ಇಲ್ಲ. ನಮ್ಮ ಭಾಗದ ಮನೆಗಳಲ್ಲಿ ಸಿಗುವ ಕುರಿಯುಣ್ಣೆಯ ಕಂಬಳಿಯ ತುಂಡು, ಹಿಂಜಿದ ಅರಳೆ ಎರಡೂ ಒಳ್ಳೆಯ ಕೆಲಸ ಮಾಡುತ್ತವೆ. ನಾರುಗಳ ನಡುವೆ ಗಾಳಿಯ ಕಣಗಳು ಉಜ್ಜಾಡಿ ಶಬ್ದದ ಶಕ್ತಿ ಅತ್ಯಲ್ಪ ಶಾಖವಾಗಿ ಬದಲಾಗುತ್ತದೆ. ಆದರೆ ಇದಕ್ಕೊಂದು ಮಿತಿಯಿದೆ. ನಾರಿನ ಪದರದ ದಪ್ಪ ಅಲೆಯುದ್ದದ ಕಾಲು ಭಾಗಕ್ಕೆ ಹತ್ತಿರವಾದಷ್ಟೂ ಹೀರಿಕೆ ಹೆಚ್ಚು. ಒಂದು ಸೆಂಟಿಮೀಟರ್ ಕಂಬಳಿಗೆ ಆ ಲೆಕ್ಕ 8500 ಹರ್ಟ್ಜ್ ಹತ್ತಿರ ಬರುತ್ತದೆ. ಅದಕ್ಕಿಂತ ಕೆಳಗೆ ಹೋದಂತೆ ಪರಿಣಾಮ ಕ್ಷೀಣಿಸುತ್ತದೆ, 100 ಹರ್ಟ್ಜ್‌ನಲ್ಲಿ ಹೀರಿಕೆ ಇಲ್ಲವೆಂದೇ ಹೇಳಬೇಕು. ಮಂದ್ರದಲ್ಲಿ ಅರಳೆಯ ಕೆಲಸ ಬೇರೆ ತೆರನದು. ಗಾಳಿ ಒತ್ತಿದಾಗ ಹುಟ್ಟುವ ಶಾಖವನ್ನು ನಾರು ಹೀರಿಕೊಳ್ಳುವುದರಿಂದ ಕೋಣೆಯ ಗಾಳಿ ಮೆದುವಾಗುತ್ತದೆ, ಬಟ್ಟಲು ನಿಜಕ್ಕಿಂತ ದೊಡ್ಡದಿದ್ದಂತೆ ವರ್ತಿಸುತ್ತದೆ. ಸಿದ್ಧಾಂತದ ಪ್ರಕಾರ ಈ ಲಾಭ ಹೆಚ್ಚೆಂದರೆ ಶೇಕಡಾ 40. ನಿಜದಲ್ಲಿ ಅದಕ್ಕಿಂತ ಕಡಿಮೆ. ಅತಿಯಾಗಿ ತುರುಕಿದರೆ ಗಾಳಿಗೆ ಜಾಗವೇ ಉಳಿಯದೆ ಎಲ್ಲ ತಿರುಗುಮುರುಗಾಗುತ್ತದೆ.

ಇಷ್ಟು ಮಾಡಿದ ಮೇಲೆ ಜನ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಎಷ್ಟೋ ಸುಧಾರಿಸಿದೆ ಎನ್ನುತ್ತಾರೆ. ಈ ಮಾತನ್ನು ನಾನು ನಂಬುವುದಿಲ್ಲ. ಹೇಳುವವರು ಸುಳ್ಳು ಹೇಳುತ್ತಿದ್ದಾರೆಂದಲ್ಲ. ಬಟ್ಟಲು ಬಿಚ್ಚಿ, ಕಂಬಳಿ ಕತ್ತರಿಸಿ, ಅಂಟಿಸಿ, ಮತ್ತೆ ಸ್ಕ್ರೂ ಬಿಗಿಯಲು ಅರ್ಧ ಗಂಟೆ ಹಿಡಿಯುತ್ತದೆ. ದನಿಯ ಸೂಕ್ಷ್ಮ ವಿವರಗಳ ನೆನಪು ಮನಸ್ಸಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಜೊತೆಗೆ ಶ್ರಮಪಟ್ಟು ಮಾಡಿದ್ದು ಚೆನ್ನಾಗಿರಲಿ ಎಂಬ ಆಸೆ ಎಲ್ಲರಿಗೂ ಸಹಜ. ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮ: ದನಿಯ ಮಟ್ಟವನ್ನು ಅಳೆಯುವ ಡೆಸಿಬಲ್ ಲೆಕ್ಕದಲ್ಲಿ ಒಂದರಷ್ಟು ಜೋರಾದ ದನಿಯನ್ನು ನಾವು ಜೋರು ಎಂದು ಗುರುತಿಸದೆ ಚೆನ್ನ ಎಂದು ಗುರುತಿಸುತ್ತೇವೆ. ಆದ್ದರಿಂದ ಮೈಕ್ ಬೇಕು.

ಪ್ರಯೋಗಾಲಯಗಳಲ್ಲಿ ಕಿವಿಯ ಕಾಲುವೆಯ ಗುಣಗಳನ್ನು ಅನುಕರಿಸುವ ಕೃತಕ ಕಿವಿ ಇರುತ್ತದೆ. ಅದಕ್ಕೆ ಐಇಸಿ 60318-4 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಅಂಥ ಉಪಕರಣ ಮನೆಯವರ ಕೈಗೆಟಕುವುದಲ್ಲ, ನಮ್ಮ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಬೇಕಾದದ್ದು ಅಂಗೈಗಿಂತ ದೊಡ್ಡದಾದ ದಪ್ಪ ಪ್ಲೈವುಡ್ ಹಲಗೆ, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಎಲೆಕ್ಟ್ರೆಟ್ ಎಂಬ ಜಾತಿಯ ಪುಟ್ಟ ಮೈಕ್, ಒಂದು ಕಂಪ್ಯೂಟರ್. ಹಲಗೆಯ ನಡುವೆ ಮೈಕಿನ ಅಳತೆಗೆ ತೂತು ಕೊರೆದು, ಮೈಕಿನ ಮುಖ ಹಲಗೆಯ ಮೇಲ್ಮೈಗೆ ಸಮನಾಗಿ ನಿಲ್ಲುವಂತೆ ಕೂಡಿಸಿ, ಹಿಂದಿನಿಂದ ಗಾಳಿ ಸೋರದಂತೆ ಮೇಣ ಅಥವಾ ಎಂಸೀಲ್ ಮೆತ್ತಬೇಕು. ಮೇಲೆ ಹಳೆಯ ಮೌಸ್‌ಪ್ಯಾಡ್ ಹಾಸಿ ಮೈಕಿನ ಜಾಗದಲ್ಲಿ ತೂತು ಬಿಟ್ಟರೆ ಮೆತ್ತೆ ಚೆನ್ನಾಗಿ ಕೂರುತ್ತದೆ. ಇನ್ನೊಂದು ಬಟ್ಟಲಿಗೆ ತಲೆಯಷ್ಟೇ ದಪ್ಪದ ಆಸರೆ ಬೇಕು, ಇಲ್ಲದಿದ್ದರೆ ಹಿಡಿತದ ಒತ್ತಡ ತಪ್ಪುತ್ತದೆ. ಮೊಬೈಲ್ ಅಥವಾ ಲ್ಯಾಪ್‌ಟಾಪಿನ ಮೈಕ್ ಬಳಸುವವರು ಗದ್ದಲ ತಗ್ಗಿಸುವ ಮತ್ತು ದನಿಯನ್ನು ತಾನಾಗಿಯೇ ಏರಿಳಿಸುವ ಸೌಲಭ್ಯಗಳನ್ನು ನಿಲ್ಲಿಸಲೇಬೇಕು. ಅವು ಚಾಲೂ ಇದ್ದರೆ ಬರುವುದು ಹೆಡ್‌ಫೋನಿನ ಅಳತೆಯಲ್ಲ.

ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಅದು 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಏರುವ ಒಂದೇ ಒಂದು ಸ್ವರವನ್ನು ಐದಾರು ಸೆಕೆಂಡು ನುಡಿಸಿ, ಮೈಕ್ ಕೇಳಿದ್ದನ್ನು ಕಳಿಸಿದ್ದರ ಜೊತೆ ಹೋಲಿಸಿ ನಕ್ಷೆ ಬರೆಯುತ್ತದೆ. ಹೀಗೆ ಜಾರುವ ಸ್ವರದಿಂದ ದನಿಯ ಪ್ರತಿಕ್ರಿಯೆಯನ್ನೂ ವಿಕೃತಿಯನ್ನೂ ಒಂದೇ ಸಲಕ್ಕೆ ಬೇರ್ಪಡಿಸಿ ಅಳೆಯುವ ವಿಧಾನವನ್ನು ಇಟಲಿಯ ಆಂಜೆಲೊ ಫರೀನಾ 2000ದಲ್ಲಿ ಮಂಡಿಸಿದರು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ರಾತ್ರಿ ಅಳೆದರೆ ಒಳ್ಳೆಯದು. ಹೆದ್ದಾರಿಯ ಲಾರಿಗಳ ಗುಡುಗು, ಸಂಕ್ರಾಂತಿಯ ಹೊತ್ತಿನ ಸಿದ್ಧೇಶ್ವರ ಜಾತ್ರೆಯ ಧ್ವನಿವರ್ಧಕಗಳು ಎಲ್ಲವೂ ನಕ್ಷೆಯ ಎಡತುದಿಯಲ್ಲಿ ತಮ್ಮ ಗುರುತು ಬಿಡುತ್ತವೆ.

ಈಗ ಮುಖ್ಯವಾದ ಮಾತು. ಹೀಗೆ ಬಂದ ನಕ್ಷೆ ನಿಮ್ಮ ಹೆಡ್‌ಫೋನಿನ ನಿಜರೂಪವಲ್ಲ. ಅಗ್ಗದ ಮೈಕಿಗೆ ತನ್ನದೇ ಏರಿಳಿತಗಳಿವೆ. ಹಲಗೆಗೆ ಕಿವಿಯ ಆಕಾರವಿಲ್ಲ, ಕಾಲುವೆಯಿಲ್ಲ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಮನುಷ್ಯನ ಕಿವಿಗಾಲುವೆ 3000 ಹರ್ಟ್ಜ್ ಸುತ್ತಮುತ್ತ ಅನುನಾದಗೊಂಡು ಶಬ್ದವನ್ನು ಹಿಗ್ಗಿಸುತ್ತದೆ. ಹಲಗೆಯಲ್ಲಿ ಆ ಉಬ್ಬು ಬರುವುದೇ ಇಲ್ಲ. ಆದ್ದರಿಂದ ನಿಮ್ಮ ನಕ್ಷೆಯನ್ನು ಬೇರೆಯವರು ಪ್ರಕಟಿಸಿದ ನಕ್ಷೆಯ ಪಕ್ಕ ಇಡುವುದು, ಧ್ವನಿ ಸಂಶೋಧಕ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರ ಮೆಚ್ಚುಗೆಯನ್ನು ಅಧ್ಯಯನ ಮಾಡಿ ರೂಪಿಸಿದ ಹಾರ್ಮನ್ ರೇಖೆ ಎಂಬ ಮಾದರಿ ನಕ್ಷೆಗೆ ಅದನ್ನು ಹೊಂದಿಸಲು ಹೋಗುವುದು ವ್ಯರ್ಥ. ಆದರೆ ಮಾರ್ಪಾಡಿನ ಮೊದಲೊಂದು, ಆಮೇಲೊಂದು ನಕ್ಷೆ ತೆಗೆದು ಒಂದರಿಂದ ಇನ್ನೊಂದನ್ನು ಕಳೆಯಿರಿ. ಮೈಕ್ 6000 ಹರ್ಟ್ಜ್‌ನಲ್ಲಿ ಮೂರು ಡೆಸಿಬಲ್ ಕಡಿಮೆ ತೋರಿಸುವ ಜಾತಿಯದಾಗಿದ್ದರೆ ಆ ತಪ್ಪು ಎರಡರಲ್ಲೂ ಇರುತ್ತದೆ, ಕಳೆದಾಗ ಅಳಿಸಿಹೋಗುತ್ತದೆ. ಹಲಗೆಯ ತಪ್ಪೂ ಬಹುಮಟ್ಟಿಗೆ ಹಾಗೆಯೇ. ಉಳಿಯುವುದು ನೀವು ಮಾಡಿದ ಬದಲಾವಣೆ. ಕೆಲವೇ ರೂಪಾಯಿಯ ಮೈಕ್ ನಂಬಿಕೆಗೆ ಅರ್ಹವಾಗುವುದು ಈ ವ್ಯವಕಲನದಿಂದ.

ಎರಡು ಅಳತೆಗಳ ನಡುವೆ ಬದಲಾಗುವ ತಪ್ಪುಗಳು ಮಾತ್ರ ಹೀಗೆ ಅಳಿಯುವುದಿಲ್ಲ. ಅವುಗಳಲ್ಲಿ ದೊಡ್ಡದು, ಹೆಡ್‌ಫೋನನ್ನು ಹಲಗೆಯ ಮೇಲೆ ಇಡುವ ರೀತಿ. ಏನನ್ನೂ ಬದಲಿಸದೆ ಬರೀ ಎತ್ತಿ ಇಟ್ಟು ಮತ್ತೆ ಅಳೆಯಿರಿ. ನಕ್ಷೆ ಸ್ವಲ್ಪ ಬೇರೆಯೇ ಬರುತ್ತದೆ. ಇದನ್ನು ಐದಾರು ಸಲ ಮಾಡಿ ಎಲ್ಲ ರೇಖೆಗಳನ್ನೂ ಒಂದರ ಮೇಲೊಂದು ಇಟ್ಟು ನೋಡುವುದು ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಹೆಜ್ಜೆ. ನಡುವಿನ ಆವೃತ್ತಿಗಳಲ್ಲಿ ರೇಖೆಗಳು ಒಂದೇ ದಾರದಂತೆ ಕೂಡಿಕೊಂಡಿರುತ್ತವೆ. ಮಂದ್ರದಲ್ಲಿ ಸೋರಿಕೆ ಪ್ರತಿ ಸಲ ಬೇರೆಯಾಗುವುದರಿಂದ ಹರಡಿಕೊಳ್ಳುತ್ತವೆ. 8000 ಹರ್ಟ್ಜ್ ದಾಟಿದ ಮೇಲೆ ಅಲೆಯುದ್ದ ನಾಲ್ಕು ಸೆಂಟಿಮೀಟರ್ ಆಸುಪಾಸಿಗೆ ಮತ್ತು ಅದಕ್ಕೂ ಕೆಳಗೆ ಇಳಿಯುವುದರಿಂದ ಕೆಲವು ಮಿಲಿಮೀಟರ್ ಸರಿದರೂ ಉಬ್ಬುತಗ್ಗುಗಳ ಜಾಗ ಬದಲಾಗುತ್ತದೆ. ಈ ಹರವು ನಿಮ್ಮ ಅಳತೆಯ ಅನಿಶ್ಚಿತತೆ. ಮಾರ್ಪಾಡಿನ ವ್ಯತ್ಯಾಸ ಅದಕ್ಕಿಂತ ದೊಡ್ಡದಾಗಿದ್ದರೆ ಅದು ನಿಜ. ಅದರೊಳಗೇ ಅಡಗಿದ್ದರೆ ಅದರ ಬಗ್ಗೆ ಏನನ್ನೂ ಹೇಳುವ ಹಕ್ಕು ನಮಗಿಲ್ಲ. 12,000 ಹರ್ಟ್ಜ್‌ನಲ್ಲಿ ಎರಡು ಡೆಸಿಬಲ್ ಸುಧಾರಿಸಿತು ಎಂದು ಒಂದೇ ಅಳತೆಯ ಬಲದ ಮೇಲೆ ಬರೆಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಮ್ಮ ಹವೆಯದೂ ಒಂದು ಪಾಲಿದೆ. ಡಿಸೆಂಬರಿನ 15 ಡಿಗ್ರಿಯ ಬೆಳಗಿನಲ್ಲಿ ಶಬ್ದದ ವೇಗ ಸುಮಾರು 340 ಮೀಟರ್, ಏಪ್ರಿಲ್ಲಿನ 40 ಡಿಗ್ರಿಯಲ್ಲಿ 355. ಬಟ್ಟಲಿನ 3400 ಹರ್ಟ್ಜ್ ಅನುನಾದ ಏನೂ ಮಾಡದೆಯೇ 3550ಕ್ಕೆ ಸರಿದಿರುತ್ತದೆ. ಚಳಿಗಾಲದ ನಕ್ಷೆಯನ್ನು ಬೇಸಿಗೆಯದರಿಂದ ಕಳೆದರೆ ಅಲ್ಲೊಂದು ಸುಳ್ಳು ಉಬ್ಬು, ಪಕ್ಕದಲ್ಲೊಂದು ಸುಳ್ಳು ತಗ್ಗು ಹುಟ್ಟುತ್ತವೆ. ಮೊದಲಿನ ಮತ್ತು ನಂತರದ ಅಳತೆ ಒಂದೇ ದಿನ, ಒಂದೇ ಕೋಣೆಯಲ್ಲಿ ಆಗಬೇಕು.

ನಕ್ಷೆ ಓದುವುದು ಕಷ್ಟವಲ್ಲ. ಆರು ಡೆಸಿಬಲ್ ಎಂದರೆ ಒತ್ತಡ ಎರಡು ಪಟ್ಟು. ಹತ್ತು ಡೆಸಿಬಲ್ ಏರಿದರೆ ದನಿ ಸರಿಸುಮಾರು ಇಮ್ಮಡಿ ಜೋರು ಎಂದು ಕಿವಿಗೆ ಅನಿಸುತ್ತದೆ. ಕಳೆಯುವ ಮೊದಲು ಎರಡೂ ರೇಖೆಗಳನ್ನು 500ರಿಂದ 1000 ಹರ್ಟ್ಜ್ ನಡುವೆ ಸಮಕ್ಕೆ ತನ್ನಿ. ಲಂಬ ಅಕ್ಷವನ್ನು 50 ಡೆಸಿಬಲ್ ಒಳಗೆ ಇರಿಸಿ. ನೂರಕ್ಕೆ ಹಿಗ್ಗಿಸಿದರೆ ಎಂಥ ಕೆಟ್ಟ ಹೆಡ್‌ಫೋನೂ ನೇರಗೆರೆಯಾಗಿ ಕಾಣುತ್ತದೆ. ಅಗಲವಾದ, ಒಂದೆರಡು ಸಪ್ತಕಗಳಿಗೆ ಹಬ್ಬಿದ ಒಂದು ಡೆಸಿಬಲ್ ಏರಿಕೆ ಕಿವಿಗೆ ತಿಳಿಯುತ್ತದೆ. ಸೂಜಿಮೊನೆಯಂಥ ಐದು ಡೆಸಿಬಲ್ ತಗ್ಗು ಬಹಳಷ್ಟು ಸಲ ತಿಳಿಯುವುದೇ ಇಲ್ಲ.

ಹೀಗೆ ಅಳೆದಾಗ ಯಾವ ಮಾರ್ಪಾಡು ನಿಜವಾಗಿ ಕೆಲಸ ಮಾಡುತ್ತದೆ? ಮೆತ್ತೆಯದೇ ಮೊದಲ ಸ್ಥಾನ. ಅದರ ಹೊದಿಕೆ, ದಪ್ಪ, ಒಳಗಿನ ಸ್ಪಂಜಿನ ಗಡಸುತನ ಎಲ್ಲವೂ ನಕ್ಷೆಯಲ್ಲಿ ಎದ್ದು ಕಾಣುತ್ತವೆ. ಮುಂದಿನ ಕೋಣೆಯಿಂದ ಹಿಂದಿನದಕ್ಕೆ ಹೋಗುವ ತೂತುಗಳನ್ನು ಟೇಪಿನಿಂದ ಮುಚ್ಚಿದಾಗ ಅತಿ ಮಂದ್ರ ಬದಲಾಗುತ್ತದೆ, ಏಕೆಂದರೆ ಪೊರೆಯ ಹಿಂದಿನ ಒತ್ತಡ ಮುಂದಿನದಕ್ಕೆ ಸದಾ ವಿರುದ್ಧ. ಎರಡೂ ಸೇರಿದರೆ ಒಂದನ್ನೊಂದು ಕೊಲ್ಲುತ್ತವೆ. ಹೊರಗಾಳಿಗೆ ತೆರೆದ ಹಿಂದಿನ ತೂತನ್ನು ಮುಚ್ಚಿದರೆ ಬಟ್ಟಲಿನ ಗಾಳಿ ಬಿಗಿಯಾಗಿ ಪೊರೆಯ ಸಹಜ ಅನುನಾದ ಮೇಲೇರುತ್ತದೆ, ಆಳದ ಸ್ವರ ಕುಗ್ಗಿ ಅದರ ಮೇಲಿನ ವಲಯ ಊದಿಕೊಳ್ಳುತ್ತದೆ. ಟೇಪಿನ ಒಳ್ಳೆಯ ಗುಣವೆಂದರೆ ಅದನ್ನು ಕಿತ್ತುಹಾಕಬಹುದು. ಅಂಟು ಸುರಿಯುವ ಮೊದಲು ಟೇಪಿನಲ್ಲಿ ಅಳೆಯಬೇಕು. ಕಂಬಳಿಯ ಪರಿಣಾಮ ಒಂದೆರಡು ಸಾವಿರ ಹರ್ಟ್ಜ್ ಮೇಲೆ ಉಬ್ಬುಗಳು ಮಟ್ಟವಾಗುವುದರಲ್ಲಿ ಕಾಣುತ್ತದೆ.

ವಿದ್ಯುತ್ತಿನ ಕಡೆಯ ಒಂದು ಉಪಾಯವನ್ನು ಲೆಕ್ಕ ಹಾಕಿಯೇ ತಿಳಿಯಬಹುದು. 32 ಓಮ್ ಎಂದು ಬರೆದ ಹೆಡ್‌ಫೋನಿನ ಪ್ರತಿರೋಧ ಅದರ ಅನುನಾದದ ಬಳಿ, 90 ಹರ್ಟ್ಜ್‌ನಲ್ಲಿ ಎನ್ನಿ, 60 ಓಮಿಗೆ ಏರುತ್ತದೆ ಎಂದಿಟ್ಟುಕೊಳ್ಳೋಣ. ಸಾಲಿನಲ್ಲಿ 32 ಓಮಿನ ರೆಸಿಸ್ಟರ್ ಸೇರಿಸಿದರೆ ಉಳಿದೆಡೆ ಅರ್ಧ ವೋಲ್ಟೇಜ್ ಮಾತ್ರ ಡ್ರೈವರಿಗೆ ಸಿಗುತ್ತದೆ, 90 ಹರ್ಟ್ಜ್‌ನಲ್ಲಿ ಶೇಕಡಾ 65 ಸಿಗುತ್ತದೆ. ವ್ಯತ್ಯಾಸ 2.3 ಡೆಸಿಬಲ್. ಡಗ್ಗಾ ಅಷ್ಟು ಮುಂದೆ ಬರುತ್ತದೆ. ಇದೇ ಲೆಕ್ಕವನ್ನು ಅರ್ಧ ಓಮಿನ ಕೇಬಲಿಗೆ ಹಾಕಿದರೆ ಬರುವುದು 0.06 ಡೆಸಿಬಲ್. ಬೆಳ್ಳಿ ಲೇಪದ ದುಬಾರಿ ಕೇಬಲನ್ನು ದನಿಗಾಗಿ ಕೊಳ್ಳಬೇಡಿ. ಹಳೆಯದು ತುಂಡಾಗಿದ್ದರೆ ಗಟ್ಟಿಯಾದ ಸಾಧಾರಣ ಕೇಬಲ್ ಕೊಳ್ಳಿ.

ಹಲಗೆ ತೋರಿಸದ ಒಂದು ಸಂಗತಿ ಉಳಿದಿದೆ. ಮೌಸ್‌ಪ್ಯಾಡಿನ ಮೇಲೆ ಮೆತ್ತೆ ಕೂರುವಷ್ಟು ಬಿಗಿಯಾಗಿ ದವಡೆಯ ಮೇಲೆ, ಕನ್ನಡಕದ ಕಡ್ಡಿಯ ಮೇಲೆ ಕೂರುವುದಿಲ್ಲ. ಅದಕ್ಕಾಗಿ ಔಷಧಿ ಅಂಗಡಿಯ ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಂಡು, ಪುಟ್ಟ ಮೈಕನ್ನು ಅದರ ಹೊರಮುಖದ ಬಳಿ ಟೇಪಿನಿಂದ ನಿಲ್ಲಿಸಿ, ಮೇಲೆ ಹೆಡ್‌ಫೋನ್ ಧರಿಸಿ ಅಳೆಯಬಹುದು. ಮೈಕನ್ನು ಕಾಲುವೆಯೊಳಗೆ ತಳ್ಳಬಾರದು, ದನಿಯನ್ನು ಕಡಿಮೆಯಿಂದ ಶುರುಮಾಡಬೇಕು. ವಯಸ್ಕರಿಗೆ ವಾರಕ್ಕೆ 40 ಗಂಟೆಗೆ 80 ಡೆಸಿಬಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಅಳೆದರೆ ಮಂದ್ರದ ಕುಸಿತ ಕಣ್ಣಿಗೇ ಕಾಣುತ್ತದೆ.

ಕೊನೆಗೆ ಕಿವಿಯ ಸರದಿ. ಇದಕ್ಕೆ ನನಗೆ ಅತ್ಯಂತ ಪ್ರಿಯವಾದ ದಾರಿ, ಒಂದೇ ಬಟ್ಟಲನ್ನು ಮಾರ್ಪಡಿಸಿ ಇನ್ನೊಂದನ್ನು ಮೂಲರೂಪದಲ್ಲಿ ಉಳಿಸುವುದು. ಮೊದಲೇ ಎಡಬಲಗಳ ಸಹಜ ವ್ಯತ್ಯಾಸವನ್ನು ಅಳೆದಿಟ್ಟುಕೊಂಡು, ಎರಡೂ ಕಡೆ ಒಂದೇ ದನಿ ಬರುವಂತೆ ಮೋನೋದಲ್ಲಿ ತಂಬೂರಿಯ ಶ್ರುತಿ ನುಡಿಸಬೇಕು. ಮಾರ್ಪಟ್ಟದ್ದು ಒಮ್ಮೆ ಬಲಗಿವಿಯಲ್ಲಿ, ಒಮ್ಮೆ ಹೆಡ್‌ಫೋನ್ ತಿರುಗಿಸಿ ಎಡಗಿವಿಯಲ್ಲಿ, ಹೀಗೆ ಗೊತ್ತಾದ ಕ್ರಮವಿಲ್ಲದೆ ಹತ್ತು ಸಲ. ಯಾವ ಬಟ್ಟಲು ಎತ್ತ ಇದೆ ಎಂಬುದನ್ನು ಮನೆಯವರೊಬ್ಬರು ಮಾತ್ರ ಬರೆದಿಟ್ಟುಕೊಂಡಿರಲಿ. ಕೇಳುವವರು ಕಣ್ಣು ಮುಚ್ಚಿಕೊಂಡು ಉತ್ತರ ಹೇಳಲಿ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಗುರುತಿಸಿದರೆ ಇನ್ನೊಂದು ಬಟ್ಟಲಿಗೂ ಅಷ್ಟೇ ತೂಕದ ಕಂಬಳಿ ಕತ್ತರಿಸಬಹುದು. ಐದಾರಕ್ಕೆ ನಿಂತರೆ ಹಾಕಿದ್ದನ್ನು ತೆಗೆದು, ಹಳೆಯ ಕೃತಕ ಚರ್ಮದ ಮೆತ್ತೆಯ ಜಾತಿಯದನ್ನೇ ಮತ್ತೊಂದು ಜೊತೆ ಕೊಂಡು ಸೆಕೆಯಲ್ಲಿ ಆಗಾಗ ಒಣಬಟ್ಟೆಯಿಂದ ಒರೆಸಿ ಇಟ್ಟುಕೊಳ್ಳುವುದು ಲೇಸು.